ಮುಟ್ಟುಗೋಲಿಗೂ ಕ್ರಮವಿದೆ

ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಶಿಂಷಾ ನದಿಯ ಒಡಲು ಬಗೆದು ಮರಳು ಸಾಗಿಸುವವರಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನಿನ ಕ್ರಮ ತಪ್ಪಿದರೆ ಲಾಭ ಕಳ್ಳನಿಗೇ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿಯ ಅಪರಾಧವನ್ನು ಅಧಿಕೃತ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಪೊಲೀಸ್ ವರದಿಯ ಮೇಲೆ ಕಳವಿನ ಪ್ರಕರಣ ನಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ಈ ಭೇದವನ್ನು ಕಡೆಗಣಿಸಿದರೆ ಕೆಳ ನ್ಯಾಯಾಲಯದ ತೀರ್ಪೂ ಅದನ್ನು ನೆಚ್ಚಿದ ಮುಟ್ಟುಗೋಲು ಆದೇಶವೂ ಮೇಲ್ಮನವಿಯಲ್ಲಿ ಬಿದ್ದುಹೋಗಬಹುದು.

ನಿರಪರಾಧಿ ಮಾಲೀಕನ ಪಾಡೂ ಕಷ್ಟವೇ. ವಾಹನಗಳನ್ನು ಠಾಣೆಯಂಗಳದಲ್ಲಿ ದೀರ್ಘಕಾಲ ನಿಲ್ಲಿಸಿಡುವುದು ನಿಷ್ಪ್ರಯೋಜಕವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಮೇಲ್ಮನವಿ ಗೆದ್ದವನಿಗೆ ದಕ್ಕುವುದು ತುಕ್ಕು ಹಿಡಿದ ಕಬ್ಬಿಣವಾದರೆ ಆ ಗೆಲುವಿಗೇನು ಅರ್ಥ? ಮಂಡ್ಯ ಜಿಲ್ಲಾಡಳಿತ ದೂರು ಸಲ್ಲಿಸುವ ಹಂತದಲ್ಲೇ ಎಚ್ಚರ ವಹಿಸಲಿ. ಆಗ ನದಿಯೂ ಉಳಿದೀತು, ನ್ಯಾಯವೂ ಉಳಿದೀತು.