ಮಳೆಗಾಲದಲ್ಲಿ ಬಯಲನ್ನು ನೋಡಬೇಕು

‘ಸಫಾರಿ’ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದ. ಪ್ರಯಾಣವೆಂದು ಅದರ ಅರ್ಥ. ಆಫ್ರಿಕದ ಸಫಾರಿಗೆ ಹೊರಟವರಿಗೆ ಮಳೆಗಾಲದಲ್ಲಿ ಹೋಗಬೇಡಿರೆಂದು ಹಲವರು ಬುದ್ಧಿ ಹೇಳುವುದುಂಟು. ಈ ಮಾತು ನಿರಾಧಾರವಾದುದಲ್ಲ. ಮಳೆ ಬಂದರೆ ದಾರಿ ಕೆಸರಾಗುತ್ತದೆ, ಎತ್ತರದ ಹುಲ್ಲು ಪ್ರಾಣಿಗಳನ್ನು ಮರೆಮಾಡುತ್ತದೆ. ಒಣ ಹವೆಯಲ್ಲಾದರೋ ಅವು ಉಳಿದ ನೀರಿನ ಬಳಿ ನೆರೆದು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಆದರೆ ಪ್ರಾಣಿಗಳನ್ನು ಕಾಣುವುದು ಬೇರೆ, ಅವುಗಳ ಬಾಳನ್ನು ಅರಿಯುವುದು ಬೇರೆ.

ಟಾಂಜಾನಿಯ ದೇಶದ ಸೆರೆಂಗೆಟಿ ಬಯಲಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ವಿಲ್ಡಬೀಸ್ಟ್‌ಗಳು ಮಳೆಯನ್ನು ಹಿಂಬಾಲಿಸಿ ಅಲೆಯುತ್ತವೆ. ಮಳೆಯ ತಿಂಗಳುಗಳಲ್ಲಿ ಅವು ದಕ್ಷಿಣದ ಗಿಡ್ಡಹುಲ್ಲಿನ ಬಯಲಿಗೆ ಬಂದು, ಫೆಬ್ರುವರಿಯ ಸುಮಾರಿಗೆ ಕರು ಹಾಕುತ್ತವೆ. ಜ್ವಾಲಾಮುಖಿಯ ಬೂದಿಯಿಂದಾದ ಆ ನೆಲದ ಎಳೆಹುಲ್ಲಿನಲ್ಲಿ, ಹಾಲೂಡಿಸುವ ತಾಯಿಗೆ ಅವಶ್ಯವಾದ ಸುಣ್ಣ, ರಂಜಕಗಳು ಹೇರಳವಾಗಿವೆ. ಮಳೆಗೆ ಹೆದರಿದವನಿಗೆ ಈ ನೋಟ ದೊರೆಯದು.

ದೂರದ ಆಫ್ರಿಕದ ಮಾತು ನಮಗೇಕೆಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಿದ್ಯಾರ್ಥಿಗಳು ಕೇಳಬಹುದು. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲೇ ಸುಮಾರು 96 ಚದರ ಕಿಲೋಮೀಟರ್ ವಿಸ್ತಾರದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. ಅದು ಘೋಷಿತವಾದದ್ದು 2016ರಲ್ಲಿ. ಚಿಂಕಾರ ನಮ್ಮ ದೇಶದ ಪುಟ್ಟ ಹುಲ್ಲೆ. ಎಲೆಗಳ ರಸ, ಇಬ್ಬನಿಗಳಿಂದಲೇ ಅದು ಬಹುದಿನ ಬಾಳಬಲ್ಲುದು. ಆದುದರಿಂದ ನೀರಿನ ಹೊಂಡದ ಬಳಿ ಕಾದು ಕುಳಿತರೆ ಬಂದೀತೆಂಬ ಭರವಸೆಯಿಲ್ಲ!

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಸೀಮೆಯನ್ನು ಬೇಸಗೆಯಲ್ಲಿ ನೋಡಿದವನು, “ಇಲ್ಲೇನಿದೆ, ಬರಿ ಪಾಳುನೆಲ; ಉತ್ತುಬಿಡೋಣ, ಇಲ್ಲವೆ ಗಿಡ ನೆಟ್ಟು ಕಾಡು ಮಾಡೋಣ” ಎಂದಾನು. ಅವನು ಜೂನ್ ಕಳೆದ ಮೇಲೆ ಒಮ್ಮೆ ಬರಲಿ. ಹುಲ್ಲಿನ ಬೆಳೆಯುವ ಮೊಳಕೆ ನೆಲಕ್ಕಂಟಿಕೊಂಡೇ ಇರುತ್ತದೆ. ಮೇಲಿನ ಗರಿ ಒಣಗಿದರೂ, ದನ ಮೇಯ್ದರೂ ಬುಡ ಸಾಯದು. ನಾಲ್ಕು ಹನಿ ಬಿದ್ದೊಡನೆ ಅದು ಚಿಗುರುತ್ತದೆ. ಹುಲ್ಲಿನೊಡನೆ ಹುಳುಗಳು, ಹುಳುಗಳನ್ನು ತಿನ್ನಲು ನೆಲದಲ್ಲೇ ಗೂಡು ಮಾಡುವ ಲಾವಕ್ಕಿಯಂಥ ಹಕ್ಕಿಗಳು! ಇದು ಪಾಳುನೆಲವೆ?

ಬೇಸಗೆಯೊಂದನ್ನೇ ನೋಡಿ ಬಯಲಿನ ಬೆಲೆ ಕಟ್ಟುವುದು, ಮಲಗಿರುವವನನ್ನು ಕಂಡು ಸೋಮಾರಿಯೆಂದಂತೆ. ಮರಗಳಿಲ್ಲವೆಂಬುದು ಬಯಲಿನ ಕೊರತೆಯಲ್ಲ. ಚಿಂಕಾರಕ್ಕೆ ಬಯಲೇ ಬೇಕು. ಶಾಲೆ, ಕಾಲೇಜುಗಳು ಮಳೆಗಾಲದಲ್ಲಿಯೇ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿರಿ. ದಾರಿ ಬಿಟ್ಟು ವಾಹನ ನುಗ್ಗಿಸಬೇಡಿರಿ. ಹಸಿಯ ನೆಲದಲ್ಲಿ ಚಕ್ರದ ಗುರುತು ಬಹುಕಾಲ ಮಾಯದು, ಹುಲ್ಲಿನ ಮರೆಯ ಗೂಡು ತಿಳಿಯದೆ ಹಾಳಾದೀತು. ಬಯಲಿನ ಬೆಲೆಯನ್ನು ಕಣ್ಣಾರೆ ಕಂಡ ತರುಣರು ನಾಳೆ ಅದನ್ನು ಉಳಿಸಿಯಾರು.