ಒಂದೇ ವೇಷದ ನಟನು

ದೂರದರ್ಶನದಲ್ಲಿ ಒಂದೇ ವೇಷವನ್ನು ವರ್ಷಾನುಗಟ್ಟಲೆ ಹಾಕುವವನು ನಟನಲ್ಲ, ಸಂಬಳದ ಆಳು ಎಂದು ನಮ್ಮ ರಸಿಕರಲ್ಲಿ ಕೆಲವರು ಮೂಗು ಮುರಿಯುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು.

ಅಮೆರಿಕದ ಕಥಾಮಾಲಿಕೆಯ ಪತ್ತೇದಾರ ಕೊಲಂಬೋವನ್ನೇ ನೋಡಬಹುದು. ಲೆವಿನ್ಸನ್, ಲಿಂಕ್ ಎಂಬಿಬ್ಬರು ಲೇಖಕರು ನಿರ್ಮಿಸಿದ ಈ ಪಾತ್ರವನ್ನು 1960ರಲ್ಲಿ ದೂರದರ್ಶನದಲ್ಲಿ ಬರ್ಟ್ ಫ್ರೀಡನೂ, 1962ರಲ್ಲಿ ರಂಗಭೂಮಿಯ ಮೇಲೆ ಥಾಮಸ್ ಮಿಚೆಲನೂ ವಹಿಸಿದ್ದರು. ಪೀಟರ್ ಫಾಲ್ಕನು ಮೊದಲು ಅದನ್ನು ಧರಿಸಿದ್ದು 1968ರಲ್ಲಿ. ಆ ಚಿತ್ರವನ್ನು ಈಗ ನೋಡಿದರೆ ಆಶ್ಚರ್ಯವಾಗುತ್ತದೆ: ತಲೆ ಬಾಚಿದೆ, ಮಾತು ಬಿರುಸು, ಕೊಲೆಗಾರನಿಗೆ ನೆರವಾದ ಹೆಂಗಸನ್ನು ಗದರಿಸಿ ಹೆದರಿಸುವನು. 1971ರಲ್ಲಿ ಮಾಲಿಕೆ ಮೊದಲಾದ ಮೇಲೆ ಆ ಬಿರುಸು ಬರಬರುತ್ತ ವಿನಯದೊಳಗೆ ಅಡಗಿತು. ಮಳೆಯಂಗಿಯೂ ನಟನ ಸ್ವಂತದ್ದೇ. ಹೊರಟವನು ಬಾಗಿಲಿನಿಂದ ಹಿಂದಿರುಗಿ ಇನ್ನೊಂದು ಪ್ರಶ್ನೆ ಕೇಳುವ ಯುಕ್ತಿ ಲೇಖಕರದು, ನಿಜ. ಆದರೆ ಅದರಲ್ಲಿ ಮರೆವೆಷ್ಟು, ಬಲೆಯೆಷ್ಟು ಎಂಬುದು ಕೊಲೆಗಾರನಿಗೆ ತಿಳಿಯದಂತೆ ಮಾಡಿದವನು ಫಾಲ್ಕನಲ್ಲದೆ ಮತ್ತಾರು? ಇದು ಒಂದು ರಾತ್ರಿಯಲ್ಲಿ ಕೈಗೂಡುವ ವಿದ್ಯೆಯೆ?

ಇದು ಬರಿಯ ಅಭ್ಯಾಸಬಲವೆನ್ನುವಿರಾ? ಅಭ್ಯಾಸದಿಂದ ಜಡವಾದವರೂ ಉಂಟು. 1989ರಲ್ಲಿ ಮಾಲಿಕೆ ಮರಳಿ ಬಂದ ಮೇಲೆ ಫಾಲ್ಕನೇ ಕೆಲವೆಡೆ ಚೇಷ್ಟೆಯನ್ನು ಅತಿಮಾಡಿದನೆಂದು ನಮಗೂ ತೋರಿದೆ. ಆದರೆ ಒಂದೇ ವೇಷಕ್ಕೆ ಬಾಳನ್ನು ಸವೆಸಿದ ಯಕ್ಷಗಾನದ ಕಲಾವಿದನನ್ನು ಕೊಂಡಾಡುವ ಈ ರಸಿಕರೇ, 2003ರವರೆಗೆ 69 ಕಥೆಗಳಲ್ಲಿ ದುಡಿದವನನ್ನು ಆಳೆಂದು ಜರೆಯುವುದು ಯಾವ ನ್ಯಾಯ? 1968ರ ಚಿತ್ರವನ್ನೂ ಐದಾರು ವರ್ಷಗಳ ತರುವಾಯದ ಒಂದನ್ನೂ ಅವರು ಒಂದೇ ಸಂಜೆ ನೋಡಲಿ. ಆಕ್ಷೇಪವಿದ್ದರೆ ಆಮೇಲೆ ಬರೆಯಲಿ.