ಹುತ್ರಿದುರ್ಗ ಹೋಬಳಿಯ ಹೆಂಚಿನ ಶಾಲೆಗಳ ಸೂರಿನ ಬಗ್ಗೆ ಮನವಿ

ಇವರಿಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ತುಮಕೂರು.

ಮೂಲಕ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಕುಣಿಗಲ್ ತಾಲ್ಲೂಕು.

ವಿಷಯ: ಹಳೆಯ ಶಾಲಾ ಕೊಠಡಿಗಳ ಸೂರನ್ನು ಬಿಚ್ಚಿ ಪರೀಕ್ಷಿಸಿ, ದುರಸ್ತಿಯೋ ಹೊಸತೋ ಎಂದು ತೀರ್ಮಾನಿಸುವ ಬಗ್ಗೆ.

ಮಾನ್ಯರೇ,

ಹುತ್ರಿದುರ್ಗ ಬೆಟ್ಟದ ಸುತ್ತಲಿನ ಊರುಗಳ ಪೋಷಕರಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಲ್ಲುಗೋಡೆ, ಮಂಗಳೂರು ಹೆಂಚಿನ ಹಳೆಯ ಕೊಠಡಿಗಳಲ್ಲಿ ನಮ್ಮ ಮಕ್ಕಳು ಇಂದಿಗೂ ಕೂತು ಓದುತ್ತಿದ್ದಾರೆ. ಮಳೆ ಬಂದರೆ ಸೋರುತ್ತವೆ. ಸೋರಿದಾಗಲೆಲ್ಲ ಕೇಳಿಬರುವ ಮಾತು ಎರಡೇ: ನಾಲ್ಕು ಹೆಂಚು ಬದಲಾಯಿಸಿದರೆ ಸಾಕು, ಇಲ್ಲವೇ ಕೆಡವಿ ಮೋಲ್ಡ್ ಹಾಕಿಸಿ. ಎರಡನ್ನೂ ನೆಲದ ಮೇಲೆ ನಿಂತೇ ಹೇಳಲಾಗುತ್ತಿದೆ.

ಏಣಿ ಹತ್ತಿದರೆ ಕಾಣುವುದೇ ಬೇರೆ. ಒಂದು ಕೊಠಡಿಯಲ್ಲಿ ಕಪ್ಪುಹಲಗೆಯ ಪಕ್ಕದಿಂದ ಗೆದ್ದಲಿನ ಮಣ್ಣಿನ ಗೆರೆ ಗೋಡೆ ಹತ್ತಿ ತೊಲೆಯ ತುದಿ ಮುಟ್ಟಿದೆ. ಗೋಡೆಯೊಳಗೆ ಕೂತ ಆ ತುದಿಗೆ ಸಲಾಕೆ ಚುಚ್ಚಿದರೆ ಹಿಟ್ಟು ಉದುರುತ್ತದೆ. ಒಂದು ಮೊಳ ಈಚೆಗೆ ಬಡಿದರೆ ಮರ ಠಣ್ಣೆನ್ನುತ್ತದೆ. ಹೆಂಚಷ್ಟೇ ಬದಲಾಯಿಸಿದರೆ ಲಡ್ಡಾದ ಆ ತುದಿ ಯಾವತ್ತಾದರೂ ಕೈಕೊಡುವುದು ಖಂಡಿತ. ಇಡೀ ಸೂರು ಕೆಡವಿದರೆ, ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದಂಥ ಮರ ಸೌದೆಯ ಬೆಲೆಗೆ ಹೋಗುತ್ತದೆ. ತುದಿ ಕತ್ತರಿಸಿ ಗಟ್ಟಿಮರ ಬೆಸೆದು, ರೀಪರು ಬದಲಿಸಿ, ಗೆದ್ದಲಿಗೆ ಔಷಧಿ ಹೊಡೆದು, ಒಡೆಯದ ಹೆಂಚನ್ನೇ ತೊಳೆದು ಮತ್ತೆ ಹೊದಿಸಿದರೆ ಇಂಥ ಸೂರು ಇನ್ನೂ ಬಹಳ ಕಾಲ ನಿಲ್ಲುತ್ತದೆಂಬುದು ನಮ್ಮ ಊರಿನ ಬಡಗಿಗಳ ಅಭಿಪ್ರಾಯ.

ಮೋಲ್ಡ್ ಹಾಕಿಸುವ ಮುನ್ನ ಭಾರದ ಲೆಕ್ಕ ನೋಡಬೇಕೆಂದು ಕೋರುತ್ತೇವೆ. ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚು ಹಿಡಿಯುತ್ತದೆ, ಭಾರ ಹೆಚ್ಚೆಂದರೆ 45 ಕಿಲೋ. ಅಷ್ಟೇ ಜಾಗಕ್ಕೆ 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸುಮಾರು 300 ಕಿಲೋ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆ ಇದನ್ನು ಹೊರುತ್ತದೆಂದು ಯಾರೂ ಅಂದಾಜಿನ ಮೇಲೆ ಹೇಳುವಂತಿಲ್ಲ. ತಗಡಿನ ಶೀಟು ಹಗುರವೇನೋ ನಿಜ. ಆದರೆ ಮಾರ್ಚ್ ತಿಂಗಳ ಬಿಸಿಲಲ್ಲಿ ಅದರ ಕೆಳಗೆ ಕೂರಲಾಗದು, ಮಳೆ ಹೊಯ್ದರೆ ಮೇಷ್ಟ್ರ ಮಾತು ಮುಂದಿನ ಸಾಲಿಗೂ ಕೇಳದು.

ಹಳೆಯದೆಂಬ ಅಭಿಮಾನಕ್ಕೆ ಮಕ್ಕಳನ್ನು ಒತ್ತೆ ಇಡುವವರು ನಾವಲ್ಲ. ಗೋಡೆ ಉಬ್ಬಿದ್ದರೆ, ತೊಲೆ ನಡುವೆಯೇ ಲಡ್ಡಾಗಿದ್ದರೆ ಕೆಡವಿ ಹೊಸ ಕೊಠಡಿ ಕಟ್ಟಿಸಿ, ನಾವೇ ಮುಂದೆ ನಿಂತು ಸಹಕರಿಸುತ್ತೇವೆ. ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋಡಿಯಲ್ಲಿ 2025ರ ಜುಲೈ 25ರಂದು ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಮೋಡ ಕಟ್ಟಿದ ದಿನ ಮಕ್ಕಳನ್ನು ಶಾಲೆಗೆ ಕಳಿಸಲು ನಮ್ಮ ತಾಯಂದಿರು ಹಿಂದೆಮುಂದೆ ನೋಡುತ್ತಿದ್ದಾರೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಅದನ್ನು ಉಳಿಸುವುದೋ ಕೆಡವುವುದೋ ಎಂಬ ವಾದ ಆಮೇಲೂ ವರ್ಷಗಟ್ಟಲೆ ಎಳೆಯಿತು. ನಮ್ಮ ಶಾಲೆಗಳ ಹಣೆಬರಹ ಹಾಗಾಗಬಾರದು. ಶಾಲೆಗೆ ಎಲ್ಲ ಋತುಗಳಿಗೂ ಒದಗುವ ಕಟ್ಟಡವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಆದ್ದರಿಂದ, ಅನುಮಾನವಿರುವ ಕೊಠಡಿಗಳಿಗೆ ತಕ್ಷಣ ಬೀಗ ಹಾಕಿಸಿ, ಪಾಠಕ್ಕೆ ಸಮುದಾಯ ಭವನದಂಥ ಬೇರೆ ಜಾಗ ಕೊಡಿಸಬೇಕು. ಇದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಬಳಿಕ ಎಂಜಿನಿಯರರು ಗೋಡೆಯಂಚಿನ ಹೆಂಚು ಎತ್ತಿಸಿ ಪ್ರತಿ ತೊಲೆಯ ಎರಡೂ ತುದಿ ನೋಡಿ, ಕೊಠಡಿವಾರು ವರದಿ ಕೊಡಬೇಕು. ದುರಸ್ತಿ ಮತ್ತು ಹೊಸ ಕಟ್ಟಡ ಎರಡರ ಎಸ್ಟಿಮೇಟನ್ನೂ ಅದರ ಜೊತೆಗಿಟ್ಟು ಗ್ರಾಮಸಭೆಯಲ್ಲಿ ಓದಿಸಬೇಕು. ಇಳಿಸಿದ ಮರ, ಹೆಂಚುಗಳ ಲೆಕ್ಕ ಶಾಲೆಯ ದಾಖಲೆಯಲ್ಲಿ ಇರಲಿ.

ಕಾಲದ ಬಗ್ಗೆಯೂ ಒಂದು ಮಾತು. ಮಾರ್ಚ್ 31ಕ್ಕೆ ಬಿಲ್ ಮುಗಿಸುವ ಅವಸರದಲ್ಲಿ ಹೊದಿಸಿದ ಸೂರು ಮೊದಲ ಮಳೆಗೇ ಸೋರುತ್ತದೆ. ಎಸ್ಟಿಮೇಟು ಜನವರಿಯೊಳಗೆ ಮಂಜೂರಾದರೆ ಏಪ್ರಿಲ್, ಮೇ ರಜೆಯಲ್ಲಿ ನಿಧಾನವಾಗಿ ಕೆಲಸ ಮಾಡಿಸಬಹುದು. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಷ್ಟರೊಳಗೆ ಮುಂಗಾರಿನ ಹನಿಗಳಲ್ಲಿ ಸೋರುವ ಕಡೆ ಗುರುತಿಸಿ, ಗುತ್ತಿಗೆದಾರರಿಂದಲೇ ಸರಿಪಡಿಸಿಕೊಂಡು ಕೊನೆಯ ಕಂತು ಪಾವತಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಪೋಷಕರು ಮತ್ತು ಗ್ರಾಮಸ್ಥರು,
ಹುತ್ರಿದುರ್ಗ ಹೋಬಳಿ, ಕುಣಿಗಲ್ ತಾಲ್ಲೂಕು.